ಷಿಕಾಗೋದ ಹೆಂಗಸಿನ ಕಥೆ ದಾವಣಗೆರೆಯಲ್ಲಿ ಯಾಕೆ?

ಸ್ವಸಹಾಯ ಸಂಘಗಳ ಸಭೆಯಲ್ಲಿ, ಶಾಲೆಗಳಲ್ಲಿ, ಒಮ್ಮೊಮ್ಮೆ ಮದುವೆಯ ಊಟದ ಪಂಕ್ತಿಯಲ್ಲೂ ನನಗೆ ಎದುರಾಗುವ ಪ್ರಶ್ನೆ ಇದು: ‘ಮೇಡಂ, ದುಡ್ಡಿನ ಪಾಠ ಹೇಳುವಾಗಲೆಲ್ಲ ಆ ಅಮೆರಿಕದ ಮೆಲೊಡಿ ಹಾಬ್ಸನ್ ಕಥೆಯನ್ನೇ ಯಾಕೆ ಹೇಳುತ್ತೀರಿ? ನಮ್ಮವರು ಯಾರೂ ಇಲ್ಲವೇ?’

ಹಾಬ್ಸನ್ ಎಂದರೆ ಷಿಕಾಗೋದ ಒಂದು ಹೂಡಿಕೆ ಸಂಸ್ಥೆಯನ್ನು ನಡೆಸುವವರು, ದೊಡ್ಡ ದಾನಿಯೂ ಹೌದು. ನಮ್ಮವರೂ ಖಂಡಿತ ಇದ್ದಾರೆ. ಐಸಿಐಸಿಐ ವೆಂಚರ್ ಸಂಸ್ಥೆಯನ್ನು ನಡೆಸಿದ ರೇಣುಕಾ ರಾಮನಾಥ್ ಅದನ್ನು ಬಿಟ್ಟು 2009ರಲ್ಲಿ ಮಲ್ಟಿಪಲ್ಸ್ ಎಂಬ ತಮ್ಮದೇ ಹೂಡಿಕೆ ಸಂಸ್ಥೆ ಕಟ್ಟಿದರು. ಕಾಲೇಜು ಹುಡುಗಿಯರಿಗೆ ಅವರ ವಿಷಯವನ್ನೂ ಹೇಳುತ್ತೇನೆ. ದಾನದ ಮಾತಿಗೆ ಬಂದರೆ, ಈ ಊರಿಗೆ ಹೊರಗಿನವರು ಬಂದು ದಾನ ಕಲಿಸಬೇಕಾಗಿಲ್ಲ. ಚಿಗಟೇರಿ ಆಸ್ಪತ್ರೆ, ರಾಜನಹಳ್ಳಿ ಛತ್ರ ಎಂದು ನಾವು ಆಟೋದವರಿಗೆ ಹೇಳುವ ಹೆಸರುಗಳೇ ವರ್ತಕ ಮನೆತನಗಳ ದಾನದಿಂದ ಬಂದವು. ದುಡಿದದ್ದರಲ್ಲಿ ಹಂಚಬೇಕೆಂಬ ಕಾಯಕ–ದಾಸೋಹದ ಮಾತನ್ನು ಮಠಗಳ ಅಂಗಳದಲ್ಲಿ ಕೇಳುತ್ತಲೇ ಬೆಳೆದವರು ನಾವು.

ಆದರೂ ನಾನು ಹಾಬ್ಸನ್ ಅವರ ಬಳಿಗೆ ಹೋಗುವುದಕ್ಕೆ ಕಾರಣ, ನನ್ನ ಮುಂದೆ ಕುಳಿತವರು ಯಾರು ಎಂಬುದು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ಮನೆಗೆಲಸದವರು, ಹೊಲಿಗೆಯವರು. ಬಾಡಿಗೆ ಕಟ್ಟಲಾಗದೆ ಮನೆ ಬಿಡುವುದು ಎಂದರೇನು ಎಂದು ಇವರಿಗೆ ವಿವರಿಸಬೇಕಾಗಿಲ್ಲ. ಹಾಬ್ಸನ್ ಅವರಿಗೂ ವಿವರಿಸಬೇಕಾಗಿಲ್ಲ. 1969ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಅವರು ಆರು ಮಕ್ಕಳಲ್ಲಿ ಕೊನೆಯವರು. ಸಾಕಿದ್ದು ತಾಯಿ ಒಬ್ಬರೇ. ಮನೆಯಿಂದ ಹೊರಹಾಕಿಸಿಕೊಂಡದ್ದು, ಫೋನ್ ಕಡಿತವಾದದ್ದು, ವಿದ್ಯುತ್ ಹೋದದ್ದು ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ದುಡ್ಡು ಹೇಗೆ ನಡೆದುಕೊಳ್ಳುತ್ತದೆ ಎಂದು ಅರ್ಥ ಮಾಡಿಕೊಳ್ಳಲೇಬೇಕು ಎಂಬ ಹಟ ಹುಟ್ಟಿದ್ದು ಆ ಮನೆಯಲ್ಲಿ. ಹೂಡಿಕೆಯ ಲೋಕದಲ್ಲಿ ಮೇಲೇರಿದವರಲ್ಲಿ ಬಹುಮಂದಿಗೆ ಈ ಪಾಠ ಮನೆಯಲ್ಲೇ, ಅಪ್ಪನ ಬಾಯಿಂದ ಸಿಕ್ಕಿರುತ್ತದೆ. ಇವರಿಗೆ ಸಿಗಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೂ ಸಿಗುವುದಿಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಏರಿಯಲ್ ಎಂಬ ಹೂಡಿಕೆ ಸಂಸ್ಥೆಯಲ್ಲಿ ತರಬೇತಿಗೆ ಸೇರಿದರು. ಜಾನ್ ರೋಜರ್ಸ್ ಎಂಬ ಕಪ್ಪುವರ್ಣೀಯ ಯುವಕ 1983ರಲ್ಲಿ ತೆರೆದ ಸಂಸ್ಥೆ ಅದು. 1991ರಲ್ಲಿ ಪದವಿ ಮುಗಿಸಿ ಅಲ್ಲಿಗೇ ಕೆಲಸಕ್ಕೆ ಹೋದರು, ಮತ್ತೆ ಬಿಡಲಿಲ್ಲ. 2000ದಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಅದರ ಅಧ್ಯಕ್ಷೆಯಾದರು. 2019ರಲ್ಲಿ ರೋಜರ್ಸ್ ಜೊತೆಗೆ ಸಹ-ಮುಖ್ಯಸ್ಥೆ. ಡ್ರೀಮ್‌ವರ್ಕ್ಸ್ ಆ್ಯನಿಮೇಷನ್‌ನ ಆಡಳಿತ ಮಂಡಳಿಗೂ 2021ರಿಂದ ಸ್ಟಾರ್‌ಬಕ್ಸ್‌ನ ಮಂಡಳಿಗೂ ಅಧ್ಯಕ್ಷತೆ ವಹಿಸಿದ್ದರು. ಈ ಹುದ್ದೆಗಳ ಪಟ್ಟಿ ನನ್ನ ಕೇಳುಗರನ್ನು ಹಿಡಿಯುವುದಿಲ್ಲ, ನಾನೂ ಅಲ್ಲಿ ನಿಲ್ಲುವುದಿಲ್ಲ. ಹಿಡಿಯುವುದು ಏರಿಯಲ್‌ನ ಲಾಂಛನ: ಆಮೆ. ಮಾರುಕಟ್ಟೆ ಕಡೆಗಣಿಸಿದ ಸಣ್ಣ, ಮಧ್ಯಮ ಗಾತ್ರದ ಒಳ್ಳೆಯ ಕಂಪನಿಗಳ ಷೇರುಗಳನ್ನು ಅಗ್ಗದಲ್ಲಿ ಕೊಂಡು, ಉಳಿದವರಿಗೆ ಅವುಗಳ ಬೆಲೆ ತಿಳಿಯುವವರೆಗೆ ವರ್ಷಗಟ್ಟಲೆ ಕಾಯುವುದು ಆ ಸಂಸ್ಥೆಯ ಪದ್ಧತಿ. ಮೂರು ತಿಂಗಳಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎಂದು ಬರುವವರನ್ನು ನೋಡಿ ನೋಡಿ ಬೇಸತ್ತ ಊರಿಗೆ ಆ ಆಮೆಯನ್ನು ತೋರಿಸುವುದು ನನಗೆ ತುಂಬಾ ಮುಖ್ಯ.

ಕಾಯುವುದರ ಲೆಕ್ಕ ನಮ್ಮ ಹೆಂಗಸರಿಗೆ ಗೊತ್ತಿಲ್ಲ ಎಂದು ಬ್ಯಾಂಕಿನವರು ತಿಳಿದುಕೊಂಡಿರುತ್ತಾರೆ. ಚೆನ್ನಾಗಿಯೇ ಗೊತ್ತು, ಆದರೆ ಉಲ್ಟಾ ದಿಕ್ಕಿನಿಂದ. ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಗೆ ಕೈಸಾಲ ತಂದು, ಬಡ್ಡಿ ಕಟ್ಟದೆ ಬಿಟ್ಟರೆ 24 ತಿಂಗಳಲ್ಲಿ ಸಾಲ ಎರಡರಷ್ಟಾಗುತ್ತದೆ. ಬಡ್ಡಿಗೆ ಬಡ್ಡಿ ಸೇರುವುದನ್ನು ಇವರು ತಮ್ಮ ಮೈಮೇಲೆಯೇ ಕಲಿತಿದ್ದಾರೆ. ಅದೇ ಲೆಕ್ಕವನ್ನು ತಿರುಗಿಸಿ ತೋರಿಸುತ್ತೇನೆ. ಗೃಹಲಕ್ಷ್ಮಿಯ 2000 ರೂಪಾಯಿಯಲ್ಲಿ ತಿಂಗಳಿಗೆ 500 ತೆಗೆದಿಟ್ಟರೆ ಹದಿನೈದು ವರ್ಷಕ್ಕೆ ಕೈಯಿಂದ ಹೋಗುವುದು 90 ಸಾವಿರ. ವರ್ಷಕ್ಕೆ ಶೇ 8ರಂತೆ ತಿಂಗಳು ತಿಂಗಳೂ ಬಡ್ಡಿ ಸೇರಿದರೆ ಬರುವುದು ಸುಮಾರು 1.73 ಲಕ್ಷ. ಬಡವರ ಮನೆಯನ್ನು ಮುಳುಗಿಸುವುದೂ ಶ್ರೀಮಂತರ ಮನೆಯನ್ನು ಬೆಳೆಸುವುದೂ ಒಂದೇ ಗಣಿತ ಎಂದು ತಿಳಿದ ಕ್ಷಣ ಸಭೆಯಲ್ಲಿ ಮಾತು ಜೋರಾಗುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಬರಲಿ ಎಂದೇ ನನ್ನ ಆಸೆ.

ಇನ್ನೊಂದು ಪ್ರಸಂಗ. 2014ರಲ್ಲಿ ಟೆಡ್ ಎಂಬ ಭಾಷಣ ವೇದಿಕೆಯಲ್ಲಿ ಹಾಬ್ಸನ್ ಅದನ್ನು ಹೇಳಿದ್ದಾರೆ. ಸೆನೆಟ್ ಚುನಾವಣೆಗೆ ನಿಂತಿದ್ದ ಗೆಳೆಯ ಹೆರಾಲ್ಡ್ ಫೋರ್ಡ್ ಜೊತೆ ಅವರು ನ್ಯೂಯಾರ್ಕಿನ ಒಂದು ದೊಡ್ಡ ಮಾಧ್ಯಮ ಸಂಸ್ಥೆಗೆ ಊಟದ ಆಹ್ವಾನದ ಮೇಲೆ ಹೋಗಿದ್ದರು. ಇಬ್ಬರೂ ಕಪ್ಪುವರ್ಣೀಯರು. ಸ್ವಾಗತಕಾರಿಣಿ ಅವರನ್ನು ಒಳಗಿನ ಒಂದು ಕೋಣೆಗೆ ಕರೆದೊಯ್ದು, ನಿಮ್ಮ ಸಮವಸ್ತ್ರ ಎಲ್ಲಿ ಎಂದು ಕೇಳಿದಳು. ಬಡಿಸಲು ಬಂದವರು ಎಂದುಕೊಂಡಿದ್ದಳು. ಇದನ್ನು ಹೇಳಿದಾಗ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಠೇವಣಿ ಇಡಲು ಬ್ಯಾಂಕಿಗೆ ಹೋದಾಗ ‘ಯಜಮಾನರು ಬಂದಿಲ್ಲವೇ?’ ಎಂಬ ಪ್ರಶ್ನೆ ಕೇಳಿಸಿಕೊಂಡವರೇ ಎಲ್ಲ. ನನ್ನನ್ನೂ ಕೇಳಿದ್ದಾರೆ, ನಾನು ವಾಣಿಜ್ಯಶಾಸ್ತ್ರದ ಪಾಠ ಹೇಳುತ್ತಿದ್ದ ಕಾಲದಲ್ಲೇ.

ಇದಕ್ಕೆಲ್ಲ ಒಂದು ಆಕ್ಷೇಪ ಯಾವಾಗಲೂ ಬರುತ್ತದೆ, ಹೆಚ್ಚಾಗಿ ಗಂಡಸರಿಂದ: ‘ಅವರ ಗಂಡ ಜಾರ್ಜ್ ಲೂಕಾಸ್, ಆಗರ್ಭ ಶ್ರೀಮಂತ ಸಿನಿಮಾ ನಿರ್ದೇಶಕ. ಅಂಥವರಿಗೆ ದಾನವೇನು ಕಷ್ಟ?’ ಮದುವೆಯಾದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅವರು ಏರಿಯಲ್ ಅಧ್ಯಕ್ಷೆಯಾಗಿ ಹದಿಮೂರು ವರ್ಷ ಕಳೆದಿತ್ತು. ಹೆಣ್ಣೊಬ್ಬಳ ಸಂಪಾದನೆಯನ್ನು ಗಂಡನ ಲೆಕ್ಕಕ್ಕೆ ಬರೆದುಬಿಡುವ ಈ ಅವಸರ ನನಗೆ ಸ್ವಲ್ಪವೂ ಸೇರುವುದಿಲ್ಲ. ದಂಪತಿ ಸೇರಿ ಕೊಟ್ಟದ್ದೂ ಬಹಳವಿದೆ, ನಿಜ. ಪ್ರಿನ್ಸ್‌ಟನ್‌ನಲ್ಲಿ ವುಡ್ರೊ ವಿಲ್ಸನ್ ಹೆಸರು ಹೊತ್ತಿದ್ದ ವಸತಿ ಕಾಲೇಜಿನ ಜಾಗದಲ್ಲಿ ಹಾಬ್ಸನ್ ಹೆಸರಿನ ಕಾಲೇಜು ಕಟ್ಟಲು 2020ರಲ್ಲಿ ದೇಣಿಗೆ ಪ್ರಕಟವಾಯಿತು. ಜನಾಂಗಭೇದ ಮಾಡಿದ ಅಮೆರಿಕದ ಅಧ್ಯಕ್ಷನೊಬ್ಬನ ಹೆಸರಿದ್ದ ಜಾಗಕ್ಕೆ ಕಪ್ಪುವರ್ಣೀಯ ಮಹಿಳೆಯ ಹೆಸರು ಬಂತು. ಹದಿಹರೆಯದವರಿಗೆ ಶಾಲೆ ಬಿಟ್ಟ ಮೇಲೆ ಕಲೆ, ಕ್ರೀಡೆ, ವಿಜ್ಞಾನ ಕಲಿಸುತ್ತಾ ಕೈಗೆ ಭತ್ಯೆಯನ್ನೂ ಕೊಡುವ ಆಫ್ಟರ್ ಸ್ಕೂಲ್ ಮ್ಯಾಟರ್ಸ್ ಸಂಸ್ಥೆಗೆ ಷಿಕಾಗೋದಲ್ಲಿ ಅವರು ಅಧ್ಯಕ್ಷತೆ ವಹಿಸಿದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಇವು ಯಾವುವೂ ಅಲ್ಲ, ಏರಿಯಲ್ ಸಂಸ್ಥೆ ಬೆನ್ನಿಗೆ ನಿಂತ ಒಂದು ಸರ್ಕಾರಿ ಶಾಲೆ. 1996ರಲ್ಲಿ ಷಿಕಾಗೋದ ದಕ್ಷಿಣ ಭಾಗದಲ್ಲಿ ಆರಂಭವಾದ ಏರಿಯಲ್ ಕಮ್ಯುನಿಟಿ ಅಕಾಡೆಮಿ. ಮೂಲ ಕನಸು ಜಾನ್ ರೋಜರ್ಸ್ ಅವರದು, ಹಾಬ್ಸನ್ ಅದನ್ನು ತಮ್ಮದಾಗಿಸಿಕೊಂಡರು. ರೋಜರ್ಸ್‌ಗೆ ಹನ್ನೆರಡನೇ ವಯಸ್ಸಿನಿಂದ ಹುಟ್ಟುಹಬ್ಬಕ್ಕೂ ಕ್ರಿಸ್‌ಮಸ್‌ಗೂ ಅವರ ತಂದೆ ಆಟಿಕೆಯ ಬದಲು ಷೇರು ಕೊಡುತ್ತಿದ್ದರಂತೆ. ಅಂಥ ತಂದೆ ಎಲ್ಲರಿಗೂ ಇರುವುದಿಲ್ಲವಲ್ಲ. ಹಾಗಾಗಿ ಶಾಲೆಯೇ ಆ ತಂದೆಯ ಕೆಲಸ ಮಾಡುತ್ತದೆ. ಒಂದನೇ ತರಗತಿಗೆ ಸೇರುವ ಪ್ರತಿ ತಂಡದ ಹೆಸರಿನಲ್ಲಿ 20,000 ಡಾಲರ್ ಹೂಡಲಾಗುತ್ತದೆ. ಆರಂಭದಲ್ಲಿ ಅನುಭವಿಗಳು ಅದನ್ನು ನೋಡಿಕೊಳ್ಳುತ್ತಾರೆ. ಮಕ್ಕಳು ಬೆಳೆದಂತೆ ಯಾವ ಕಂಪನಿ, ಯಾಕೆ ಎಂಬ ತೀರ್ಮಾನದಲ್ಲಿ ತಾವೂ ಸೇರುತ್ತಾರೆ. ಎಂಟನೇ ತರಗತಿ ಮುಗಿಸಿ ಹೊರಡುವಾಗ ಮೂಲದ 20,000 ಹೊಸದಾಗಿ ಬಂದ ಒಂದನೇ ತರಗತಿಯವರಿಗೆ ಹೋಗುತ್ತದೆ. ಲಾಭದಲ್ಲಿ ಅರ್ಧ ಶಾಲೆಗೆ ಆ ತಂಡದ ಕಾಣಿಕೆ. ಉಳಿದರ್ಧ ಮಕ್ಕಳ ಕೈಗೆ.

ಮತ್ತೊಮ್ಮೆ ಓದಿ ನೋಡಿ. ಹಣ ಕೊಟ್ಟವರು ಅಕ್ಕಿಯನ್ನೋ ಪುಸ್ತಕವನ್ನೋ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗಲಿಲ್ಲ. ತಾವು ಹೊಟ್ಟೆ ಹೊರೆಯುವ ವಿದ್ಯೆಯನ್ನೇ ಕೊಟ್ಟರು. ಹದಿನಾಲ್ಕರ ಮಗು ದಾನ ಪಡೆದು ಶಾಲೆ ಬಿಡುವುದಿಲ್ಲ, ದಾನ ಕೊಟ್ಟು ಬಿಡುತ್ತದೆ. ಬಡ ಮಕ್ಕಳನ್ನು ಸದಾ ಕೈಯೊಡ್ಡುವವರ ಸಾಲಿನಲ್ಲೇ ನಿಲ್ಲಿಸುವ ಸಮಾರಂಭಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನಗೆ ಗೊತ್ತಿರುವ ದಾನಗಳಲ್ಲಿ ಇಷ್ಟು ಗೌರವದ ದಾನ ಇನ್ನೊಂದಿಲ್ಲ.

‘ಇಲ್ಲಿ ಆಗುತ್ತದೆಯೇ?’ ಎಂಬುದು ಮರುಪ್ರಶ್ನೆ. ಡಾಲರ್ ಬೇಡ, 20,000 ರೂಪಾಯಿ ಸಾಕು ಎನ್ನುತ್ತೇನೆ. ತರಗತಿಯ ಹೆಸರಿನಲ್ಲಿ ಖಾತೆ ತೆರೆಯಲು ಬರುವುದಿಲ್ಲ, ಒಬ್ಬ ಕಾನೂನುಬದ್ಧ ಒಡೆಯ ಬೇಕು. ಟ್ರಸ್ಟ್ ನಡೆಸುವ ಅನುದಾನಿತ ಶಾಲೆಗಳಲ್ಲಿ ಟ್ರಸ್ಟ್ ಹೆಸರಿನಲ್ಲೇ ಠೇವಣಿಯನ್ನೋ ಮ್ಯೂಚುವಲ್ ಫಂಡನ್ನೋ ಇಟ್ಟು ತರಗತಿವಾರು ಲೆಕ್ಕ ಬರೆಯಬಹುದು. ಮೊದಲ ಹೆಜ್ಜೆಗೆ ಅಂಥ ಶಾಲೆಗಳೇ ಸರಿ. ನಷ್ಟವಾದರೆ ಯಾರು ಹೊಣೆ ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ, ಕೇಳಲೇಬೇಕಾದ ಮಾತು. ಮಕ್ಕಳು ಚಿಕ್ಕವರಿರುವಷ್ಟು ಕಾಲ ಬಹುಪಾಲು ಠೇವಣಿಯಲ್ಲೇ ಇರಲಿ. ಆರನೇ ತರಗತಿಯಿಂದ ಒಂದು ಸಣ್ಣ ಪಾಲು ಷೇರು ಆಧಾರಿತ ಫಂಡಿಗೆ ಹೋಗಲಿ. ಅದು ಇಳಿದ ವರ್ಷವೂ ಲೆಕ್ಕವನ್ನು ಮಕ್ಕಳ ಎದುರೇ ಓದಲಿ, ಇಳಿಕೆಯನ್ನು ಕಣ್ಣಾರೆ ನೋಡುವುದೂ ಪಾಠವೇ.

ತಂದೆತಾಯಿಯ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕು ಎಂದು ನನ್ನನ್ನು ವಿಚಾರಿಸುವ ಹಳೆಯ ವಿದ್ಯಾರ್ಥಿಗಳಿಗೆ ಈಗ ಇದನ್ನೇ ಸೂಚಿಸುತ್ತಿದ್ದೇನೆ. ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವ ಬದಲು ಒಂದನೇ ತರಗತಿಯ ನಿಧಿಗೆ ಆ ಹೆಸರಿಡಿ. ನನ್ನ ಷರತ್ತು ಎರಡೇ: ಮೂಲಧನ ಮುಂದಿನ ಮಕ್ಕಳಿಗೆ ಹೋಗಬೇಕು, ಮತ್ತು ವರ್ಷಕ್ಕೊಮ್ಮೆ ಲೆಕ್ಕ ಓದುವವರು ಆ ತರಗತಿಯ ಹೆಣ್ಣುಮಕ್ಕಳೇ ಆಗಿರಬೇಕು.