ಹುಣ್ಣಿಮೆ ಲೆಕ್ಕವೂ ಪಾಪನಿವೇದನೆಯೂ ಒಂದೇ ವೇಳಾಪಟ್ಟಿಯಲ್ಲಿ

ಕಳೆದ ತಿಂಗಳು ಒಬ್ಬರು ತಾಯಿ ಮಗಳ ವೇಳಾಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಧರ್ಮೋಪದೇಶ ಅಂತ ಬರೆದಿದ್ದ ಚೌಕಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. "ಟೀಚರ್, ಇಷ್ಟು ಪೀರಿಯಡ್ ಇದಕ್ಕೇ ಹೋದ್ರೆ ಗಣಿತಕ್ಕೆ ಏನು ಉಳಿಯುತ್ತೆ?" ಅಂದರು. ಸಿಟ್ಟಿನ ಮಾತಲ್ಲ, ನಿಜವಾದ ಆತಂಕ. ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ಎಷ್ಟೋ ವರ್ಷ ಎರಡನೇ ಕ್ಲಾಸಿಗೂ ನಾಲ್ಕನೇ ಕ್ಲಾಸಿಗೂ ಪಾಠ ಮಾಡಿದ್ದೇನೆ, ಧರ್ಮೋಪದೇಶ ಮತ್ತು ಗಣಿತ ಎರಡನ್ನೂ. ಹಾಗಾಗಿ ನಿಧಾನವಾಗಿ ಇಲ್ಲೇ ಬರೆಯುತ್ತೇನೆ.

ಮೊದಲು ಲೆಕ್ಕ. ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಾಧ್ಯಕ್ಷರು (ಬಿಷಪ್ಪರು) ತಮ್ಮ ಶಾಲೆಗಳಿಗೆ ಒಂದು ಅಳತೆ ಇಟ್ಟಿದ್ದಾರೆ, ಪಾಠದ ಒಟ್ಟು ಸಮಯದಲ್ಲಿ ಶೇ 10 ಧಾರ್ಮಿಕ ಶಿಕ್ಷಣಕ್ಕೆ. ವಾರಕ್ಕೆ 25 ಗಂಟೆ ಪಾಠ ಇದ್ದರೆ ಎರಡೂವರೆ ಗಂಟೆ ಆಯಿತು. ಬೇರೆ ಕಡೆ ಇದು ಹೆಚ್ಚು ಕಡಿಮೆ ಇರುತ್ತದೆ. ಉಳಿದ ಸಮಯದಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜ, ಚಿತ್ರ, ಸಂಗೀತ, ಆಟ, ಬೇರೆ ಮಕ್ಕಳು ಕಲಿಯುವುದೆಲ್ಲವೂ ಇರುತ್ತದೆ. ಸಾಮಾನ್ಯವಾಗಿ ಆ ಪಾಠಗಳಿಗೆ ಆಯಾ ಸರ್ಕಾರದ ಪಠ್ಯಕ್ರಮವೇ ಆಧಾರ. ಧರ್ಮದ ಪಾಠ ಮಾತ್ರ ಧರ್ಮಸಭೆಯ, ಅಂದರೆ ಚರ್ಚಿನ, ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, 806ನೇ ನಿಯಮದಲ್ಲಿ, ಕಥೋಲಿಕ ಶಾಲೆಯ ಓದಿನ ಮಟ್ಟ ಆ ಪ್ರದೇಶದ ಬೇರೆ ಶಾಲೆಗಳಿಗಿಂತ ಕಡಿಮೆ ಇರಬಾರದು ಅಂತ ಇದೆ. ಅಂದರೆ ಗಣಿತ ಚೆನ್ನಾಗಿ ಕಲಿಸುವುದು ಕೂಡ ಧರ್ಮಸಭೆಯ ನಿಯಮವೇ. ಪ್ರಾರ್ಥನೆ ಚೆನ್ನಾಗಿ ನಡೆಯುತ್ತದೆ, ಭಾಗಾಕಾರ ಮಾತ್ರ ಬರುವುದಿಲ್ಲ ಅಂದರೆ ಆ ಶಾಲೆ ತನ್ನದೇ ನಿಯಮ ಮುರಿದ ಹಾಗೆ. ಇದನ್ನು ಹೇಳಲು ನನಗೆ ಮುಜುಗರವಿಲ್ಲ.

ಇಷ್ಟಕ್ಕೂ ಪ್ರಶ್ನೆ ಎಷ್ಟು ಗಂಟೆ ಅನ್ನುವುದಲ್ಲ. ಈ ಎರಡು ಪಾಠಗಳು ಒಂದೇ ಮಗುವಿನ ತಲೆಯಲ್ಲಿ ಹೇಗೆ ಸೇರುತ್ತವೆ ಅನ್ನುವುದು. ಕೆಲವು ಕಡೆ ತಾವಾಗಿಯೇ ಸೇರುತ್ತವೆ, ಕೆಲವು ಕಡೆ ನಾವು ಸುಮ್ನೆ ಅಂಟಿಸುತ್ತೇವೆ. ಅಂಟಿಸಿದ್ದು ನಿಲ್ಲುವುದಿಲ್ಲ.

ಅಂಟಿಸುವುದು ಅಂದರೆ ಏನು ಅಂತ ಹೇಳುತ್ತೇನೆ. ಒಮ್ಮೆ ನನಗೆ ಒಂದು ಅಭ್ಯಾಸ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ನೋಹನ ನಾವೆಗೆ 6 ಜೋಡಿ ಪ್ರಾಣಿ ಹತ್ತಿದವು, ಆಮೇಲೆ 7 ಜೋಡಿ ಹತ್ತಿದವು, ಒಟ್ಟು ಎಷ್ಟು ಪ್ರಾಣಿ, ಈ ಥರದ ಲೆಕ್ಕಗಳು ಪುಟಗಟ್ಟಲೆ. ಮಕ್ಕಳು 26 ಅಂತ ಬರೆದು ಮುಂದೆ ಹೋದರು. ನೋಹನ ಬಗ್ಗೆ ಏನೂ ಕಲಿಯಲಿಲ್ಲ, ಕೂಡುವುದು ಮೊದಲೇ ಬರುತ್ತಿತ್ತು. ದೇವರ ಹೆಸರು ಅಲಂಕಾರಕ್ಕೆ ಬಂತು ಅಷ್ಟೇ. ಭಕ್ತಿಗೂ ಗಣಿತಕ್ಕೂ ಅದರಿಂದ ಅವಮಾನ ಅಂತ ನನಗೆ ಅನ್ನಿಸಿತು. ಆ ಪುಟಗಳನ್ನು ಮಾಡಿಸುವುದನ್ನೇ ಬಿಟ್ಟುಬಿಟ್ಟೆ.

ಈಗ ತಾವಾಗಿ ಸೇರುವ ಜಾಗಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟದ್ದು ನಾಲ್ಕನೇ ಕ್ಲಾಸಿನ ಪಂಚಾಂಗದ ಪಾಠ.

ಮಕ್ಕಳಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕ್ರಿಸ್ಮಸ್ ಪ್ರತಿವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ, ಈಸ್ಟರ್ ಮಾತ್ರ ಓಡಾಡುತ್ತಿರುತ್ತದೆ. 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ಯಾಕೆ? ನಿಯಮ ಚಿಕ್ಕದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ನೋಡಿ, ಅದಾದ ಮೇಲಿನ ಭಾನುವಾರ ಹಿಡಿಯಿರಿ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಅದರ ಮುಂದಿನ ಭಾನುವಾರ. 2025ರಲ್ಲಿ ಹಾಗೇ ಆಯಿತು, ಏಪ್ರಿಲ್ 13 ಭಾನುವಾರವೇ ಹುಣ್ಣಿಮೆ, ಹಬ್ಬ 20ಕ್ಕೆ ಹೋಯಿತು. ಕ್ಯಾಲೆಂಡರ್ ಕೊಟ್ಟು ಹುಣ್ಣಿಮೆಗಳನ್ನು ಗುರುತು ಮಾಡಿಕೊಟ್ಟರೆ ಒಂಬತ್ತು ವರ್ಷದ ಮಕ್ಕಳು ಇದನ್ನು ತಾವೇ ಕಂಡುಹಿಡಿಯುತ್ತಾರೆ. ಆಮೇಲೆ ಹಬ್ಬ ಅತಿ ಬೇಗ ಅಂದರೆ ಯಾವಾಗ, ಅತಿ ತಡ ಅಂದರೆ ಯಾವಾಗ ಅಂತ ಕೇಳುತ್ತೇನೆ. ಮೊದಲನೆಯದು, ಮಾರ್ಚ್ 22, ಬೇಗ ಬರುತ್ತದೆ. ಎರಡನೆಯದು, ಏಪ್ರಿಲ್ 25, ಸಿಗಲು ಬೆಂಚುಗಳಲ್ಲಿ ಜಗಳವೇ ಆಗುತ್ತದೆ.

ಅಲ್ಲಿಂದ 1582ಕ್ಕೆ ಹೋಗುವುದು ಸುಲಭ. ಹಳೆಯ ಜೂಲಿಯನ್ ಪಂಚಾಂಗದ ವರ್ಷ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಜಾಸ್ತಿ ಇತ್ತು. ಹನ್ನೊಂದೇ ನಿಮಿಷ ಅಲ್ವಾ ಅಂತ ಅನ್ನಿಸುತ್ತದೆ, ಆದರೆ ನೂರಾರು ವರ್ಷ ಸೇರಿಸಿಕೊಂಡು ಹೋದರೆ ಹಗಲು ರಾತ್ರಿ ಸಮ ಆಗುವ ದಿನವೇ ಮಾರ್ಚ್ 21ರಿಂದ ಸರಿದು 11ರ ಹತ್ತಿರ ಬಂದುಬಿಟ್ಟಿತ್ತು, ಅದರ ಜೊತೆ ಈಸ್ಟರ್ ಲೆಕ್ಕವೂ ತಪ್ಪುತ್ತಿತ್ತು. ಪೋಪ್ 13ನೇ ಗ್ರೆಗರಿ ಅದನ್ನು ಸರಿಪಡಿಸಿದರು. ಹೊಸ ಪಂಚಾಂಗ ಆಗಲೇ ಒಪ್ಪಿಕೊಂಡ ಕಡೆಗಳಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂತು. ಈ ಕೆಲಸಕ್ಕೆ ಬೆಂಬಲವಾಗಿ ನಿಂತ ಗಣಿತಜ್ಞ ಕ್ಲಾವಿಯಸ್ ಜೆಸ್ವಿಟ್ ಅನ್ನುವ ಕಥೋಲಿಕ ಸಂಘದ ಒಬ್ಬ ಗುರು, ಅಂದರೆ ಪಾದ್ರಿ. ಅಕ್ಟೋಬರ್ 9ಕ್ಕೆ ಹುಟ್ಟಿದ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಆ ವರ್ಷ ನನ್ನ ಬರ್ತ್‌ಡೇನೇ ಇರಲಿಲ್ವಾ?" ಅಂತ ಕೇಳಿದಳು. ಇಡೀ ಕ್ಲಾಸು ಅವಳ ಕಡೆ ತಿರುಗಿತು. 1900 ಅಧಿಕ ವರ್ಷ ಅಲ್ಲ, 2000 ಮಾತ್ರ ಹೌದು, ಯಾಕೆಂದರೆ ಶತಮಾನದ ವರ್ಷ 400ರಿಂದ ಭಾಗವಾಗಬೇಕು, ಈ ನಿಯಮ ಆ ದಿನ ನಾನು ಎರಡನೇ ಸಲ ಹೇಳಬೇಕಾಗಲಿಲ್ಲ. ಇದು ಧರ್ಮೋಪದೇಶವಾ, ಗಣಿತವಾ, ವಿಜ್ಞಾನವಾ, ಇತಿಹಾಸವಾ? ಆ ತಾಯಿ ಸುತ್ತಿದ್ದ ಚೌಕಗಳಲ್ಲಿ ಒಂದರಲ್ಲಿ ನಡೆದ ಪಾಠ ಇದು.

ಎರಡನೇ ಕ್ಲಾಸು ಬೇರೆಯೇ ಲೋಕ. ಬಹಳ ಕಡೆ ಆ ವಯಸ್ಸಿನಲ್ಲೇ ಮಕ್ಕಳು ಮೊದಲ ಪಾಪನಿವೇದನೆಗೆ (ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು), ಆಮೇಲೆ ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಪವಿತ್ರ ರೊಟ್ಟಿ ಸ್ವೀಕರಿಸುವುದು) ತಯಾರಾಗುತ್ತಾರೆ. ಹಿಂದೆ ಹತ್ತು ಹನ್ನೆರಡು ವರ್ಷದವರೆಗೂ ಕಾಯಿಸುವುದಿತ್ತು. 1910ರಲ್ಲಿ ಪೋಪ್ 10ನೇ ಪಿಯುಸ್ ಅದನ್ನು ಬದಲಾಯಿಸಿದರು. ಮಗುವಿಗೆ ತಿಳುವಳಿಕೆ ಬರುವ ವಯಸ್ಸು, ಅಂದರೆ ಸುಮಾರು ಏಳು, ಅಷ್ಟಾದರೆ ಸಾಕು ಅಂದರು. ಏಳು ವರ್ಷದ ಮಗುವಿಗೆ ತಪ್ಪು ಅಂದರೆ ಏನು ಅಂತ ಕಲಿಸುವ ಕೆಲಸ ನಮ್ಮ ಪಾಲಿಗೆ ಬಂದದ್ದು ಹಾಗೆ.

ಇಡೀ ಪಠ್ಯಕ್ರಮದಲ್ಲಿ ನನಗೆ ತುಂಬಾ ಕಷ್ಟದ ಪಾಠ ಇದು. ಬಾಯಿಪಾಠ ಮಾಡಿಸುವುದು ಕಷ್ಟವಲ್ಲ. ಹತ್ತು ಆಜ್ಞೆಗಳನ್ನು ಅವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಮನಸ್ಸಾಕ್ಷಿಯನ್ನು ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವುದೇ ಕಷ್ಟ. ನಾನು ನೀರಿನ ಬಾಟಲಿಯಿಂದ ಶುರು ಮಾಡುತ್ತೇನೆ. ಮೇಜಿನ ಮೇಲೆ ಬಾಟಲಿ ಇಟ್ಟು, ಮೊಣಕೈ ತಾಗಿಸಿ ಬೀಳಿಸುತ್ತೇನೆ. ನೀರು ಚೆಲ್ಲಿ ನನ್ನದೇ ಪುಸ್ತಕ ನೆನೆಯುತ್ತದೆ. "ಇದು ಪಾಪವಾ?" ಅರ್ಧ ಕ್ಲಾಸು ಹೌದು ಅನ್ನುತ್ತದೆ, ಯಾಕೆಂದರೆ ಬೈಸಿಕೊಂಡ ನೆನಪು ಅವರಿಗೆ. ಆಮೇಲೆ ಅದೇ ಬಾಟಲಿಯನ್ನು ಬೇಕಂತಲೇ ತಳ್ಳುತ್ತೇನೆ. "ಈಗ?" ಎರಡೂ ಸಲ ಚೆಲ್ಲಿದ ನೀರು ಅಷ್ಟೇ, ನೆನೆದ ಪುಸ್ತಕ ಅದೇ. ಬೇರೆಯಾದದ್ದು ಎಲ್ಲಿ ಅಂತ ಹುಡುಕಲು ಬಿಡುತ್ತೇನೆ. ಒಬ್ಬ ಹುಡುಗ ಬಹಳ ಹೊತ್ತು ಯೋಚಿಸಿ ಎದೆ ಮೇಲೆ ಕೈ ಇಟ್ಟುಕೊಂಡು "ಇಲ್ಲಿ" ಅಂದ. ಆ ಪೀರಿಯಡ್ ಅಲ್ಲಿಗೇ ನಿಲ್ಲಿಸಿದೆ, ಅದರ ಮೇಲೆ ನಾನು ಸೇರಿಸುವುದು ಏನೂ ಇರಲಿಲ್ಲ.

ಇಲ್ಲಿ ಶಿಕ್ಷಕರು ಹುಷಾರಾಗಿರಬೇಕು. ಮಕ್ಕಳಲ್ಲಿ ಭಯ ಹುಟ್ಟಿಸುವುದು ಸುಲಭ. ನರಕದ ಹೆಸರು ಹೇಳಿ ಕ್ಲಾಸು ಸುಮ್ಮನಿರಿಸಿದವರನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆ ಭಯ ಯಾವ ಮಗುವಿಗೂ ಬೇಡ. ಪಾಪನಿವೇದನೆಯಲ್ಲಿ ಹೇಳುವುದು ಏನು ಅಂತ ನಾನು ಯಾವತ್ತೂ ಕೇಳುವುದಿಲ್ಲ, ಬರೆಸಿ ನೋಡುವುದೂ ಇಲ್ಲ. ಅದು ಮಗು, ಗುರುಗಳು ಮತ್ತು ದೇವರ ನಡುವೆ. ಮಗುವನ್ನು ಇಂಥ ಸಂಸ್ಕಾರಕ್ಕೆ ಸಿದ್ಧ ಮಾಡುವ ಹೊಣೆ ಮೊದಲು ಅಪ್ಪ ಅಮ್ಮನದು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕಥೋಲಿಕ ಧರ್ಮಾಧ್ಯಕ್ಷರ ಸಭೆ, ಶಿಕ್ಷಣದ ಬಗ್ಗೆ ಹೊರಡಿಸಿದ ಪತ್ರದಲ್ಲೂ ತಂದೆತಾಯಿಯೇ ಮಕ್ಕಳ ಮೊದಲ ಶಿಕ್ಷಕರು ಅಂತ ಇದೆ. ಹಾಗಾಗಿ "ಶಾಲೆಯವರು ನೋಡಿಕೊಳ್ಳುತ್ತಾರೆ ಬಿಡಿ" ಅನ್ನುವ ಪೋಷಕರಿಗೆ ನಾನು ನೇರವಾಗಿ ಹೇಳುತ್ತೇನೆ, ನಾವು ಅರ್ಧವೂ ಅಲ್ಲ.

ವಿಜ್ಞಾನದ ವಿಷಯಕ್ಕೆ ಜನ ಜಾಸ್ತಿ ಹೆದರುತ್ತಾರೆ. ಮಕ್ಕಳು ಹೆದರುವುದಿಲ್ಲ, ನೇರ ಕೇಳುತ್ತಾರೆ. "ಮಿಸ್, ಆದಾಮ ಮೊದಲಾ ಡೈನೋಸಾರ್ ಮೊದಲಾ?" ಪ್ರತಿವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಡೈನೋಸಾರ್ ಮೊದಲು, ಮನುಷ್ಯ ಬರುವುದಕ್ಕೆ ಕೋಟ್ಯಂತರ ವರ್ಷ ಹಿಂದೆಯೇ ಅವು ಹೋಗಿದ್ದವು ಅಂತಲೇ ಹೇಳುತ್ತೇನೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಹೇಳುವುದು ಈ ಜಗತ್ತು ಯಾರದು, ನಾವು ಯಾರು ಅನ್ನುವುದನ್ನು, ಕಲ್ಲಿನ ವಯಸ್ಸನ್ನಲ್ಲ. ವಿಕಾಸದ ಬಗ್ಗೆ ಅಧ್ಯಯನ ಮಾಡಬಹುದು ಅಂತ 1950ರಲ್ಲೇ ಪೋಪ್ 12ನೇ ಪಿಯುಸ್ ಹೇಳಿದ್ದರು. 1996ರಲ್ಲಿ 2ನೇ ಜಾನ್ ಪಾಲ್ ಅದು ಬರೀ ಊಹೆ ಅಲ್ಲ ಅಂತ ಇನ್ನೂ ಮುಂದೆ ಹೋದರು. ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡು 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಮಠದಲ್ಲಿದ್ದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದ ಲೆಮೆತ್ರ್ ಒಬ್ಬ ಗುರು. ಇವರ ಹೆಸರುಗಳು ವಿಜ್ಞಾನದ ಪಾಠದಲ್ಲಿ ಬರಬೇಕು, ಆದರೆ ನಮ್ಮವರು ಅಂತ ಬೀಗುವುದಕ್ಕಲ್ಲ. ಪ್ರಶ್ನೆ ಕೇಳುವುದು ಭಕ್ತಿಗೆ ವಿರುದ್ಧ ಅಲ್ಲ ಅಂತ ಮಕ್ಕಳಿಗೆ ಧೈರ್ಯ ಬರಲಿ ಅಂತ.

ಓದು ಬರಹದ ಬಗ್ಗೆ ಒಂದೇ ಮಾತು. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ 1680ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಡ ಮಕ್ಕಳಿಗೆ ಶಾಲೆ ನಡೆಸುವಾಗ ಲ್ಯಾಟಿನ್ ಪಕ್ಕಕ್ಕಿಟ್ಟು ಮೊದಲು ಫ್ರೆಂಚಿನಲ್ಲೇ ಓದು ಕಲಿಸಿದರು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಾರ್ಥನೆಯೂ ಪಾಠವೂ ಇರಲಿ ಅನ್ನುವವರಿಗೆ ಅವರ ಬೆಂಬಲ ಮೂರು ಶತಮಾನದ ಹಿಂದಿನಿಂದಲೂ ಇದೆ.

ಕಥೋಲಿಕರಲ್ಲದ ಮಕ್ಕಳು ನನ್ನ ಕ್ಲಾಸಿನಲ್ಲಿ ಯಾವಾಗಲೂ ಇದ್ದರು. ಅವರನ್ನು ಸಂಸ್ಕಾರಕ್ಕೆ ತಯಾರು ಮಾಡುವುದಿಲ್ಲ, ಮಾಡಲೂಬಾರದು. ಕಥೆ ಕೇಳುತ್ತಾರೆ, ಹಾಡುತ್ತಾರೆ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೆ ನೇರಳೆ ಬಣ್ಣ, ಕ್ರಿಸ್ಮಸ್‌ಗೆ ಬಿಳಿ ಅಂತ ಗೋಡೆಯ ಬಟ್ಟೆ ಬದಲಾಯಿಸುವಾಗ ಎಲ್ಲರಿಗಿಂತ ಮುಂದೆ ಅವರೇ ಇರುತ್ತಾರೆ.

ಆ ತಾಯಿಗೆ ಇದನ್ನೆಲ್ಲ ಹೇಳುವುದಕ್ಕಿಂತ ಒಂದು ಹಾಳೆ ತೋರಿಸಬೇಕಿತ್ತು ಅಂತ ಈಗ ಅನ್ನಿಸುತ್ತಿದೆ. ಈಸ್ಟರ್ ಪಾಠಕ್ಕೆ ಮುಂಚೆ ನಾಲ್ಕನೇ ಕ್ಲಾಸಿನವರಿಗೆ ಒಂದು ತಿಂಗಳು ಚಂದ್ರನನ್ನು ನೋಡಿ ಬರೆಯಲು ಹೇಳಿದ್ದೆ. ಮೂವತ್ತು ಚೌಕ, ದಿನಕ್ಕೊಂದು ಚಂದ್ರನ ಚಿತ್ರ. ಒಬ್ಬಳ ಹಾಳೆಯಲ್ಲಿ ಮೂರು ಚೌಕಗಳಲ್ಲಿ ಚಿತ್ರದ ಬದಲು "ಮೋಡ, ಕಾಣಲಿಲ್ಲ" ಅಂತ ಇತ್ತು. ಇನ್ನೊಬ್ಬ ಹುಡುಗನದು ಮೂವತ್ತೂ ಭರ್ತಿ, ಅಂದವಾದ ಚಿತ್ರಗಳು. ಅವನ ಹಾಳೆಯನ್ನು ಗೋಡೆಗೆ ಹಾಕಿದೆ. ಮರುದಿನ ಎಲ್ಲರೂ ಆಟಕ್ಕೆ ಹೋದ ಮೇಲೆ ಅವನು ಬಾಗಿಲಲ್ಲೇ ನಿಂತಿದ್ದ. "ಮಿಸ್, ಆ ಮೂರು ದಿನ ನಾನೂ ನೋಡಿರಲಿಲ್ಲ. ಸುಮ್ನೆ ಬರೆದೆ." ಹಾಳೆ ಇಳಿಸಿ ಅವನ ಕೈಗೆ ಕೊಟ್ಟೆ. ಪಕ್ಕದಲ್ಲಿ ಕೂತು ಆ ಮೂರು ಚಂದ್ರರನ್ನೂ ರಬ್ಬರಿನಿಂದ ಉಜ್ಜಿ, ಮೋಡ ಅಂತ ಮೂರು ಸಲ ಬರೆದ. ಆಮೇಲೆ ಅದನ್ನು ತಾನೇ ಮತ್ತೆ ಗೋಡೆಗೆ ಅಂಟಿಸಿ ಆಟಕ್ಕೆ ಓಡಿದ.