ಸೊಂಟ ಮುರಿಯೋ ಪೋಸು

ಕಾಮಿಕ್ಸ್ ಕವರ್‌ಗಳಲ್ಲಿ ಹೀರೋಯಿನ್ ನಿಂತಿರೋ ಪೋಸ್ ಗಮನಿಸಿದ್ದೀರಾ, ಎದೆನೂ ನಮ್ಮ ಕಡೆ ಹಿಂಭಾಗನೂ ನಮ್ಮ ಕಡೆ, ನಿಜವಾಗ್ಲೂ ಯಾರಾದ್ರೂ ಹಂಗೆ ನಿಂತ್ರೆ ಬೆನ್ನುಮೂಳೆ ಲಟಕ್ ಅನ್ನುತ್ತೆ. 2012ರಲ್ಲಿ ಒಂದಷ್ಟು ಜನ ಇದೇ ಪೋಸಲ್ಲಿ ಮಾರ್ವೆಲ್ ಕಾಮಿಕ್ಸ್‌ನ ಬಿಲ್ಲುಗಾರ ಹೀರೋ ಹಾಕ್‌ಐನ ಬರೆದು ಆನ್‌ಲೈನಲ್ಲಿ ಹಾಕೋಕೆ ಶುರು ಮಾಡಿದ್ರು, ಬಿಲ್ಲು ಹಿಡ್ಕೊಂಡು ಸೊಂಟ ತಿರುಗಿಸಿ ನಿಂತಿರೋ ಆ ಗಂಡಸನ್ನ ನೋಡಿ ನಕ್ಕೂ ನಕ್ಕೂ ಸಾಕಾಯ್ತು ನಂಗೆ, ಆದ್ರೆ ಅದೇ ಹೆಣ್ಣಾದ್ರೆ ಯಾಕೆ ಯಾರಿಗೂ ನಗು ಬರಲ್ಲ?

ನಗು ಬರದೇ ಇರೋ ವಿಷಯನೂ ಇದೆ. 2014ರಲ್ಲಿ ಡೀಸಿ ಅನ್ನೋ ಕಾಮಿಕ್ಸ್ ಕಂಪನಿ ಹೊಸದಾಗಿ ಶುರು ಮಾಡಿದ ಟೀನ್ ಟೈಟನ್ಸ್ (ಹದಿಹರೆಯದ ಸೂಪರ್‌ಹೀರೋಗಳ ಕಾಮಿಕ್ಸ್) ಸರಣಿಯ ಮೊದಲ ಸಂಚಿಕೆಯ ಕವರ್ ಬಂತು, ಅದರ ವಂಡರ್ ಗರ್ಲ್ ಇನ್ನೂ ಹದಿಹರೆಯದ ಹುಡುಗಿ, ಅವಳ ಮೈ ಬರೆದಿರೋ ರೀತಿ ಸರಿಯಿಲ್ಲ ಅಂತ ಹಿಂದೆ ಡೀಸಿಯಲ್ಲೇ ಎಡಿಟರ್ ಆಗಿದ್ದ ಒಬ್ಬ ಹೆಂಗಸು ಬರೆದ್ರು. ಅಷ್ಟಕ್ಕೇ ರೇಪ್ ಮಾಡ್ತೀವಿ ಅಂತ ಬೆದರಿಕೆ. ಅದೂ ಎಲ್ಲಿ ಗೊತ್ತಾ, ಕಾಮಿಕ್ಸ್ ಲೋಕದ ಲೈಂಗಿಕ ಕಿರುಕುಳದ ಬಗ್ಗೆ ಅವರೇ ನಡೆಸ್ತಿದ್ದ ಸರ್ವೆಯ ಉತ್ತರಗಳಲ್ಲೇ!

'ಸೂಪರ್‌ಮ್ಯಾನೂ ಟೈಟ್ ಬಟ್ಟೆ ಹಾಕ್ತಾನಲ್ಲ' ಅಂತ ವಾದ ಮಾಡೋರಿಗೆ ಉತ್ತರ ಕೊಡಬಹುದು (ಅವನ ಕಂಡ ಗಂಡಸರಿಗೆ ಅವನಂಗೆ ಆಗ್ಬೇಕು ಅನ್ಸುತ್ತೆ, ಅಷ್ಟೇ ವ್ಯತ್ಯಾಸ). ಬೆದರಿಕೆ ಹಾಕೋನಿಗೆ ಏನಂತ ಉತ್ತರ ಕೊಡ್ತೀರಿ, ಸ್ಕ್ರೀನ್‌ಶಾಟ್ ತಗೊಂಡು ಕಂಪ್ಲೇಂಟ್ ಕೊಡೋದೇ.