ಈ ಅಂಕಿ ಎಲ್ಲಿಂದ ಬಂತು: ಭಾವಿ ವಿಜ್ಞಾನ ಶಿಕ್ಷಕರ ತಂತ್ರಜ್ಞಾನ ಕೋರ್ಸ್, ಪ್ರಗತಿ ಟಿಪ್ಪಣಿ

ಶಬ್ದ, ವಿಡಿಯೊ, ಮಾಹಿತಿಯ ಮೂಲ ಹುಡುಕುವುದು: ಈ ಮೂರು ಘಟಕಗಳು ಒಂದು ನೆಲೆಗೆ ಬಂದಿವೆ. ಸಿಮ್ಯುಲೇಶನ್ ಅರ್ಧ ಆಗಿದೆ. ಬೆಳಕಿನ ಘಟಕ ಬಾಕಿ.

ಈ ಆವೃತ್ತಿಯ ಮುಖ್ಯ ಬದಲಾವಣೆ ಜೋಡಣೆಯದು. ಮೊದಲು ಉಪಕರಣ ಬಳಕೆ ಒಂದು ಕಡೆ, ಮಾಹಿತಿ ಸಾಕ್ಷರತೆ ಇನ್ನೊಂದು ಕಡೆ ಇತ್ತು. ಈಗ ಪ್ರತಿ ಪ್ರಯೋಗದ ಬೆನ್ನಿಗೇ ಅದೇ ವಿಷಯದ ಹುಡುಕಾಟ ಬರುತ್ತದೆ. ಅಂಕಿ ಫೋನಿನ ಪರದೆಯ ಮೇಲೆ ಮೂಡಿರಲಿ, ವೆಬ್ ಪುಟದಲ್ಲಿ ಸಿಕ್ಕಿರಲಿ, ಪ್ರಶಿಕ್ಷಣಾರ್ಥಿ ಕೇಳಬೇಕಾದ್ದು ಒಂದೇ: ಇದನ್ನು ಯಾರು, ಯಾವುದರಿಂದ, ಯಾವ ಸ್ಥಿತಿಯಲ್ಲಿ ಅಳೆದರು?

ಶಬ್ದದ ವೇಗ

ಬೇಕಾದದ್ದು ಎರಡು ಫೋನು, ಅಳತೆಪಟ್ಟಿ, ಮತ್ತು ಫೋನಿನ ಸೆನ್ಸರ್‌ಗಳಿಂದ ಅಳತೆ ಮಾಡುವ ಫೈಫಾಕ್ಸ್ ಆ್ಯಪ್‌ನಲ್ಲಿರುವ ಅಕೌಸ್ಟಿಕ್ ಸ್ಟಾಪ್‌ವಾಚ್, ಅಂದರೆ ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲುವ ಗಡಿಯಾರ. ಫೋನುಗಳನ್ನು 5 ಮೀಟರ್ ಅಂತರದಲ್ಲಿಡಿ. ಮೊದಲನೆಯದರ ಬಳಿ ಒಬ್ಬರು ಚಪ್ಪಾಳೆ ತಟ್ಟಿದರೆ ಎರಡೂ ಗಡಿಯಾರ ಶುರುವಾಗುತ್ತವೆ, ಎರಡನೆಯದರ ಬಳಿ ಇನ್ನೊಬ್ಬರು ತಟ್ಟಿದರೆ ಎರಡೂ ನಿಲ್ಲುತ್ತವೆ. ಎರಡನೆಯ ಫೋನು ತಡವಾಗಿ ಶುರುವಾಗಿರುತ್ತದೆ, ಮೊದಲನೆಯದು ತಡವಾಗಿ ನಿಂತಿರುತ್ತದೆ. ಹಾಗಾಗಿ ಎರಡರ ವ್ಯತ್ಯಾಸವೆಂದರೆ ಶಬ್ದ 10 ಮೀಟರ್ ಸಾಗಲು ಹಿಡಿದ ಸಮಯ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 29 ಮಿಲಿಸೆಕೆಂಡ್.

5 ಮೀಟರೇ ಏಕೆ? 1 ಮೀಟರ್ ಇಟ್ಟರೆ ವ್ಯತ್ಯಾಸ 6 ಮಿಲಿಸೆಕೆಂಡಿಗಿಂತ ಕಡಿಮೆ. ಆಗ 1 ಮಿಲಿಸೆಕೆಂಡ್ ಏರುಪೇರಾದರೂ ಉತ್ತರ ಶೇ. 17ರಷ್ಟು ಅಲುಗಾಡುತ್ತದೆ. 5 ಮೀಟರಿನಲ್ಲಿ ಅಷ್ಟೇ ಏರುಪೇರು ಶೇ. 3.5ಕ್ಕೆ ಇಳಿಯುತ್ತದೆ.

ತಪ್ಪುವುದು ಹೆಚ್ಚಾಗಿ ಚಪ್ಪಾಳೆ ತಟ್ಟುವ ಜಾಗದಲ್ಲಿ. ಎರಡು ಫೋನುಗಳ ನೇರದಲ್ಲೇ, ಆದರೆ ಫೋನಿನ ಹೊರಬದಿಗೆ ನಿಂತು ತಟ್ಟಿದರೆ ಅಂತರ ಎಷ್ಟಿದ್ದರೂ ಪರವಾಗಿಲ್ಲ, ಆ ಹೆಚ್ಚುವರಿ ದಾರಿ ಎರಡೂ ಫೋನಿಗೆ ಸಮಾನವಾಗಿ ಸೇರುತ್ತದೆ. ಒಳಬದಿಗೆ 25 ಸೆಂಟಿಮೀಟರ್ ಸರಿದು ನಿಂತರೆ ಮಾತ್ರ ಪ್ರತಿ ಚಪ್ಪಾಳೆಗೂ ಅರ್ಧ ಮೀಟರ್ ನಷ್ಟ. ಇಬ್ಬರೂ ಹೀಗೆ ನಿಂತರೆ ವೇಗ ಸೆಕೆಂಡಿಗೆ 343 ಮೀಟರ್ ಬದಲು 381 ಎಂದು ಬರುತ್ತದೆ. ಉತ್ತರ 380ರ ಆಸುಪಾಸಿನಲ್ಲಿದ್ದರೆ ಮೊದಲು ಕಾಲು ಎಲ್ಲಿತ್ತೆಂದು ಕೇಳಿ.

ಉತ್ತರ ಕಡಿಮೆ ಬಂದರೆ ಕಾರಣ ಬೇರೆ. ದೂರದ ಫೋನಿಗೆ ಸದ್ದು ಕ್ಷೀಣವಾಗಿ ತಲುಪುವುದರಿಂದ ಥ್ರೆಶೋಲ್ಡ್ (ಗಡಿಯಾರವನ್ನು ಚಾಲೂ ಮಾಡಲು ಬೇಕಾದ ಕನಿಷ್ಠ ಸದ್ದಿನ ಮಟ್ಟ) ದಾಟಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಇದು ಎರಡೂ ಚಪ್ಪಾಳೆಗಳಲ್ಲಿ ಒಂದೇ ದಿಕ್ಕಿಗೆ ಎಳೆಯುವ ದೋಷ, ಹತ್ತು ಸಲ ಸರಾಸರಿ ತೆಗೆದರೂ ಹೋಗದು. ಮೆತ್ತಗಿನ ಚಪ್ಪಾಳೆಯ ಬದಲು ಎರಡು ಮರದ ತುಂಡುಗಳನ್ನು ಬಡಿಯಿರಿ, ಥ್ರೆಶೋಲ್ಡನ್ನು ಕೋಣೆಯ ಗದ್ದಲಕ್ಕಿಂತ ತುಸು ಮೇಲಷ್ಟೇ ಇಡಿ. ಗಡಿಯಾರ ಶುರುವಾದ ತಕ್ಷಣವೇ ನಿಂತುಬಿಟ್ಟರೆ ಅದು ಪ್ರತಿಧ್ವನಿ. 3 ಮೀಟರ್ ದೂರದ ಗೋಡೆಯಿಂದ ಸದ್ದು 17 ಮಿಲಿಸೆಕೆಂಡಿನಲ್ಲಿ ವಾಪಸಾಗುತ್ತದೆ. ಆ್ಯಪ್‌ನಲ್ಲಿ ಕನಿಷ್ಠ ವಿಳಂಬವನ್ನು, ಅಂದರೆ ಶುರುವಾದ ಮೇಲೆ ಮುಂದಿನ ಸದ್ದಿಗೆ ಕಿವಿಗೊಡದೆ ಕಾಯುವ ಸಮಯವನ್ನು, 0.1 ಸೆಕೆಂಡ್ ಮಾಡಿದರೆ ಈ ಕಾಟ ತಪ್ಪುತ್ತದೆ.

ಇದಾದ ಮೇಲೆ ಹುಡುಕಾಟ. ಶಬ್ದದ ವೇಗ ಎಂದು ಹುಡುಕಿದರೆ 330, 332, 340, 343 ಎಲ್ಲವೂ ಸಿಗುತ್ತವೆ. ಯಾವುದು ಸರಿ ಎಂದು ಕೇಳುವುದಕ್ಕಿಂತ ಯಾವ ಪುಟ ತಾಪಮಾನ ಹೇಳಿದೆ ಎಂದು ನೋಡುವುದು ಕೆಲಸದ ಪ್ರಶ್ನೆ. ಒಣಗಾಳಿಯಲ್ಲಿ 0 ಡಿಗ್ರಿಗೆ ಸುಮಾರು 331, ಮುಂದೆ ಪ್ರತಿ ಡಿಗ್ರಿಗೆ ಸುಮಾರು 0.6ರಂತೆ ಏರಿಕೆ. ತಾಪಮಾನ ಹೇಳದ ಪುಟ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. ಒತ್ತಡ ಹೆಚ್ಚಿದರೆ ಶಬ್ದದ ವೇಗ ಹೆಚ್ಚುತ್ತದೆ ಎನ್ನುವ ಪುಟಗಳೂ ಎದುರಾಗುತ್ತವೆ. ತಾಪಮಾನ ಬದಲಾಗದಿದ್ದರೆ ಒತ್ತಡದೊಡನೆ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ಏರುವುದರಿಂದ ವೇಗ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ತಮ್ಮ ಕೈಯಾರೆ ಅಳೆದ ಅಂಕಿ ಮುಂದಿದ್ದಾಗ ಪುಟದ ಜೊತೆ ವಾದ ಮಾಡುವ ಧೈರ್ಯ ತಾನಾಗಿ ಬರುತ್ತದೆ.

ವಿಡಿಯೊದಲ್ಲಿ ಬೀಳುವ ಚೆಂಡು

ವಿಡಿಯೊದ ಪ್ರತಿ ಫ್ರೇಮಿನಲ್ಲೂ ವಸ್ತುವಿನ ಸ್ಥಾನ ಗುರುತಿಸುವ ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶ ಸಾಕು. ಸೆಕೆಂಡಿಗೆ 30 ಫ್ರೇಮ್ ಇದ್ದರೆ 0.4 ಸೆಕೆಂಡಿನಲ್ಲಿ ಚೆಂಡು 78 ಸೆಂಟಿಮೀಟರ್ ಬೀಳುತ್ತದೆ, ಸುಮಾರು 13 ಬಿಂದು ಸಿಗುತ್ತವೆ. ವಕ್ರರೇಖೆ ಹೊಂದಿಸಲು ಅಷ್ಟು ಸಾಲುತ್ತದೆ.

ತಪ್ಪು ಉತ್ತರಗಳಿಗೂ ಒಂದೊಂದು ಗುರುತಿದೆ. ಗುರುತ್ವ ವೇಗೋತ್ಕರ್ಷ 9.8ರ ಬದಲು 4.9 ಬಂದರೆ ಹೊಂದಿಸಿದ ವಕ್ರರೇಖೆಯಲ್ಲಿ (ಪರವಲಯ) ಸಮಯದ ವರ್ಗದ ಸಹಗುಣಕವನ್ನು ಎರಡರಿಂದ ಗುಣಿಸಿಲ್ಲ. 0.15 ಬಂದರೆ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೊವನ್ನು ತಂತ್ರಾಂಶ 30 ಎಂದು ಓದಿದೆ: ಸಮಯ 8 ಪಟ್ಟು ಹಿಗ್ಗಿದೆ, ವೇಗೋತ್ಕರ್ಷ 64ನೇ ಒಂದಂಶಕ್ಕೆ ಕುಗ್ಗಿದೆ. 10.8 ಬಂದರೆ ಅಳತೆಗೋಲು ಚೆಂಡಿನ ಹಿಂದಿತ್ತು. ಕ್ಯಾಮೆರಾ ಚೆಂಡಿನಿಂದ 2 ಮೀಟರ್ ದೂರವಿದ್ದು ಕೋಲು ಚೆಂಡಿಗಿಂತ 20 ಸೆಂಟಿಮೀಟರ್ ಹಿಂದಿದ್ದರೆ ಬೀಳುವ ದೂರ ಶೇ. 10ರಷ್ಟು ಹೆಚ್ಚಾಗಿ ಕಾಣುತ್ತದೆ. ಕೋಲು ಚೆಂಡು ಬೀಳುವ ಸಮತಲದಲ್ಲೇ ಇರಬೇಕು.

ಗುರುತು ಸಿಗದ ತಪ್ಪೆಂದರೆ ಫ್ರೇಮ್ ದರದ್ದು. ಬೆಳಕು ಕಡಿಮೆಯಾದರೆ ಹಲವು ಫೋನುಗಳು ಸದ್ದಿಲ್ಲದೆ ದರವನ್ನು ಇಳಿಸುತ್ತವೆ. ಮೆಸೇಜಿಂಗ್ ಆ್ಯಪ್ ಮೂಲಕ ಕಳಿಸಿದ ವಿಡಿಯೊ ದಾರಿಯಲ್ಲೇ ಮತ್ತೆ ಸಂಕುಚಿತಗೊಳ್ಳುತ್ತದೆ. ಆದ್ದರಿಂದ ಪ್ರಖರ ಬೆಳಕು, ಲಾಕ್ ಮಾಡಿದ ಎಕ್ಸ್‌ಪೋಶರ್, ಕೇಬಲ್ ಮೂಲಕ ವರ್ಗಾವಣೆ. ಚೆಂಡು ಮಸುಕಾಗಿದ್ದರೆ ಪ್ರತಿ ಫ್ರೇಮಿನಲ್ಲೂ ಅದೇ ಅಂಚನ್ನು, ಉದಾಹರಣೆಗೆ ಕೆಳಗಿನ ಅಂಚನ್ನೇ, ಗುರುತಿಸಬೇಕು.

ಸಿಮ್ಯುಲೇಶನ್

ಕಾರ್ಲ್ ವೈಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ವಿಜ್ಞಾನದ ಸಿಮ್ಯುಲೇಶನ್‌ಗಳನ್ನು ರೂಪಿಸುವ ಫೆಟ್ ಯೋಜನೆಯ ವಿದ್ಯುನ್ಮಂಡಲದ ಕಿಟ್ ಬಳಸುತ್ತಿದ್ದೇವೆ. ಅದರಲ್ಲಿ ಬ್ಯಾಟರಿಯ ಆಂತರಿಕ ರೋಧ (ಬ್ಯಾಟರಿಯೊಳಗೇ ಇರುವ ತಡೆ) ಸೊನ್ನೆ ಇದ್ದಾಗ ಸಮಾಂತರವಾಗಿ ಎರಡನೇ ಬಲ್ಬು ಸೇರಿಸಿದರೆ ಮೊದಲನೆಯದು ಮಂಕಾಗುವುದಿಲ್ಲ. ನಿಜವಾದ ಸೆಲ್‌ನಲ್ಲಿ ಮಂಕಾಗುತ್ತದೆ. 1.5 ವೋಲ್ಟ್ ಸೆಲ್, 0.5 ಓಮ್ ಆಂತರಿಕ ರೋಧ, ತಲಾ 5 ಓಮ್‌ನ ಬಲ್ಬು ಎಂದುಕೊಂಡರೆ ವೋಲ್ಟೇಜ್ 1.36ರಿಂದ 1.25ಕ್ಕೆ ಇಳಿದು ಬಲ್ಬಿನ ವಿದ್ಯುತ್ ಶಕ್ತಿವ್ಯಯ ಶೇ. 16ರಷ್ಟು ಕಡಿಮೆಯಾಗುತ್ತದೆ. ಪ್ರಶಿಕ್ಷಣಾರ್ಥಿಗಳಿಗೆ ಕೊಡುವ ಕೆಲಸ: ಆಂತರಿಕ ರೋಧದ ಸ್ಲೈಡರ್ ಎಳೆದು ಸಿಮ್ಯುಲೇಶನ್ನನ್ನು ಮೇಜಿನ ಮೇಲಿನ ಮಂಡಲಕ್ಕೆ ಹೊಂದಿಸುವುದು. ಸೂಚನೆಗಳ ಹಾಳೆ ಇನ್ನೂ ತಿದ್ದುವುದಿದೆ.

ಮೂಲ ಹುಡುಕುವುದು

ಪುಟದ ವಿನ್ಯಾಸ, ದಿನಾಂಕ, ಲೇಖಕರ ಪದವಿ ಎಂದು ಗುರುತು ಹಾಕುತ್ತ ಹೋಗುವ ಚೆಕ್‌ಲಿಸ್ಟನ್ನು ಕೈಬಿಟ್ಟಿದ್ದೇವೆ. ಅಂದವಾದ ಪುಟ ಕಟ್ಟುವುದು ಈಗ ಯಾರಿಗೂ ಕಷ್ಟವಲ್ಲ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರ ಅಧ್ಯಯನದಲ್ಲಿ ವೃತ್ತಿನಿರತ ಫ್ಯಾಕ್ಟ್ ಚೆಕರ್‌ಗಳು ಪುಟದಲ್ಲಿ ನಿಲ್ಲದೆ ಬೇಗನೆ ಹೊಸ ಟ್ಯಾಬ್ ತೆರೆದು ಬೇರೆಯವರು ಆ ಮೂಲದ ಬಗ್ಗೆ ಏನು ಹೇಳುತ್ತಾರೆಂದು ನೋಡಿದರು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳು ಪುಟದೊಳಗೇ ಓದುತ್ತ ಉಳಿದರು. ಈ ಅಡ್ಡ ಓದನ್ನೇ ಕಲಿಸುತ್ತಿದ್ದೇವೆ.

ಹಾಳೆಯಲ್ಲಿ ನಾಲ್ಕು ಅಂಕಣ: ಹೇಳಿಕೆ ಇದ್ದ ಹಾಗೇ, ಮೊದಲು ಅಳೆದವರು, ಅಳೆದ ರೀತಿ ಮತ್ತು ಸಂಖ್ಯೆ, ಆಮೇಲೆ ಏನಾಯಿತು. ಕೊನೆಯ ಅಂಕಣವೇ ಹೆಚ್ಚಾಗಿ ಖಾಲಿ ಬರುತ್ತದೆ. ಅದಕ್ಕೆ ಕೊಡುವ ಮಾದರಿ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನು ಆಟಿಸಂ ಜೊತೆ ತಳುಕು ಹಾಕಿದ ಲೇಖನ. 12 ಮಕ್ಕಳ ವರದಿ, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಎಲ್ಲೋ ಉಳಿದಿರುವ ಹಳೆಯ ಪಿಡಿಎಫ್ ತೆರೆದವರಿಗೆ ಆ ಸೂಚನೆ ಕಾಣದೇ ಹೋಗಬಹುದು. ಡಿಒಐ (ಪ್ರತಿ ಲೇಖನಕ್ಕೂ ಇರುವ ಶಾಶ್ವತ ಡಿಜಿಟಲ್ ಗುರುತು) ಹಿಡಿದು ಪ್ರಕಾಶಕರ ಪುಟಕ್ಕೆ ಹೋದವರಿಗೆ ಕಾಣುತ್ತದೆ.

ಎಐ ಚಾಟ್‌ಬಾಟ್ ಕೊಟ್ಟ ಆಕರಗಳಿಗೂ ಇದೇ ದಾರಿ, ಜೊತೆಗೆ ಒಂದು ಹೆಜ್ಜೆ ಹೆಚ್ಚು. ಲೇಖಕ ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಇಲ್ಲ ಎನ್ನುವುದು ಸಾಮಾನ್ಯ. ಡಿಒಐ ತೆರೆದುಕೊಂಡು ಬೇರಾವುದೋ ಲೇಖನ ಬರುವುದೂ ಉಂಟು. ಲಿಂಕ್ ತೆರೆದರೆ ಸಾಲದು, ಶೀರ್ಷಿಕೆಯನ್ನು ಪದಪದವಾಗಿ ಹೋಲಿಸಬೇಕು.

ಪಾಠಯೋಜನೆಯ ಮೌಲ್ಯಮಾಪನ

2006ರಲ್ಲಿ ಮಿಶ್ರಾ ಮತ್ತು ಕೋಲರ್ ಮಂಡಿಸಿದ ಟಿಪ್ಯಾಕ್ ಚೌಕಟ್ಟಿನ ಮೂರು ವೃತ್ತಗಳನ್ನು (ತಂತ್ರಜ್ಞಾನ, ಬೋಧನಾ ವಿಧಾನ, ವಿಷಯ: ಈ ಮೂರರ ಜ್ಞಾನ) ಬಿಡಿಸಿ ತೋರಿಸುವವರು ಬಹಳ. ವೃತ್ತಕ್ಕೆ ಅಂಕ ಕೊಡುತ್ತಿಲ್ಲ. ಯೋಜನೆ ಎರಡು ಪ್ರಶ್ನೆಗೆ ಉತ್ತರಿಸಬೇಕು: ಈ ಉಪಕರಣ ಇಲ್ಲದಿದ್ದರೆ ಮಕ್ಕಳಿಗೆ ಏನು ಕಾಣುತ್ತಿರಲಿಲ್ಲ? ಉಪಕರಣ ತಪ್ಪು ತೋರಿಸಿದರೆ ಅವರಿಗೆ ಹೇಗೆ ಗೊತ್ತಾಗುತ್ತದೆ? ಮೊದಲನೆಯದಕ್ಕೆ "ಆಸಕ್ತಿ ಹೆಚ್ಚುತ್ತದೆ" ಎಂದು ಬರೆದ ಯೋಜನೆ ವಾಪಸ್.

ಬಾಕಿ

ಬೆಳಕಿನ ವಿಲೋಮ ವರ್ಗ ನಿಯಮ: ದೂರ ಎರಡು ಪಟ್ಟಾದರೆ ಬೆಳಕಿನ ತೀವ್ರತೆ ನಾಲ್ಕನೇ ಒಂದಂಶ. ಐಫೋನ್‌ನಲ್ಲಿ ಬೆಳಕಿನ ಸೆನ್ಸರ್ ಫೈಫಾಕ್ಸ್‌ಗೆ ಸಿಗುವುದಿಲ್ಲ, ಹಾಗಾಗಿ ಪ್ರತಿ ಗುಂಪಿನಲ್ಲೂ ಒಂದಾದರೂ ಆಂಡ್ರಾಯ್ಡ್ ಫೋನ್ ಇರುವಂತೆ ಹಂಚಬೇಕು. ಹಿನ್ನೆಲೆಯ ಬೆಳಕು ಕಳೆಯುವ ಹೆಜ್ಜೆ ಹಾಳೆಯಲ್ಲಿ ಎದ್ದುಕಾಣಬೇಕು. ಕೋಣೆಯ ಬೆಳಕು 30 ಲಕ್ಸ್ (ಬೆಳಕಿನ ಪ್ರಮಾಣದ ಮಾನ) ಇದ್ದು 20 ಸೆಂಟಿಮೀಟರಿನಲ್ಲಿ 430, 40 ಸೆಂಟಿಮೀಟರಿನಲ್ಲಿ 130 ಬಂದರೆ ನೇರ ಅನುಪಾತ 3.3, ಕಳೆದ ಮೇಲೆ 4. ಟಾರ್ಚಿನ ಮುಂದಿನ ಲೆನ್ಸ್ ಬೆಳಕನ್ನು ಕಂತೆ ಕಟ್ಟಿ ಈ ಲೆಕ್ಕವನ್ನೇ ಕೆಡಿಸುವುದರಿಂದ ಲೆನ್ಸ್ ಇಲ್ಲದ ಬರೀ ಎಲ್‌ಇಡಿ ಹುಡುಕುತ್ತಿದ್ದೇವೆ.